ತಂಗಿಯ ಬೆನ್ನಿನ ನಾಲ್ಕು ಫಿಲಂಗಳು

ಹೇಮಕೂಟದ ಇಳಿಜಾರಿನಲ್ಲಿ ನನ್ನ ತಂಗಿ ನಡುದಾರಿಯಲ್ಲೇ ಕುಳಿತುಬಿಟ್ಟ ಆ ಬೆಳಿಗ್ಗೆಯವರೆಗೆ ಅವಳ ಬೆನ್ನಿನ ವಿಷಯದಲ್ಲಿ ನಾನು ನಿಶ್ಚಿಂತನಾಗಿದ್ದೆ. ಸಂಬಂಧಿಕರ ಮಗುವಿನ ಜವಳ ತೆಗೆಸಲು ಎಲ್ಲರೂ ಹಂಪಿಗೆ ಹೋಗಿದ್ದೆವು. ವಿರೂಪಾಕ್ಷನ ಗುಡಿಯಲ್ಲಿ ಕೆಲಸ ಮುಗಿದ ಮೇಲೆ, ಊಟಕ್ಕೆ ಇನ್ನೂ ಹೊತ್ತಿದೆಯೆಂದು ಹೆಂಗಸರು ಗುಡ್ಡ ಹತ್ತಲು ಹೊರಟರು. ಗುಡ್ಡವೆಂದರೆ ದೊಡ್ಡದೇನಲ್ಲ, ಸಣ್ಣ ಮಕ್ಕಳು ಓಡಿಕೊಂಡು ಹತ್ತುವ ಬಂಡೆ. ಅರ್ಧಕ್ಕೆ ಬಂದವಳು ಕಲ್ಲಿಗೆ ಕೈಯೂರಿ ಕುಳಿತಳು. ಬಾಯಿ ತೆರೆದು ಉಸಿರಾಡುತ್ತಿದ್ದಳು. ಉಳಿದವರು ಮುಂದೆ ಹೋಗಲಿ ಎಂದು ಕಾದು, ಆಮೇಲೆ ನನಗೊಬ್ಬನಿಗೇ ಹೇಳಿದಳು.

"ಎಡಗಾಲು ನಂದಲ್ಲ ಅನ್ನಂಗ ಆಗತೈತಿ ಅಣ್ಣಾ. ಮಷೀನ್ ತುಳಿಯೂವಾಗೂ ಹಿಂಗ. ಆರು ತಿಂಗಳಾತು."

ತಂಗಿಗೆ ನಲವತ್ಮೂರು. ಕಂಪ್ಲಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಹೆಂಗಸರ ಕುಪ್ಪಸ ಹೊಲಿಯುತ್ತಾಳೆ. ಗಂಡ ಅಲ್ಲೇ ಒಂದು ಅಕ್ಕಿ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಾನೆ, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವಳ ಬೆನ್ನುಮೂಳೆ ಹೈಸ್ಕೂಲಿನ ದಿನಗಳಿಂದಲೂ ಬಲಕ್ಕೆ ಬಾಗಿದೆ. ವೈದ್ಯರು ಅದನ್ನು ಸ್ಕೋಲಿಯೋಸಿಸ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ಹೆಸರೇ ಇರಲಿಲ್ಲ, "ಆಕೀದು ಸ್ವಲ್ಪ ಹಂಗ" ಎಂದು ಮುಗಿಸುತ್ತಿದ್ದರು. ನಾನು ಹೊಸಪೇಟೆಯ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಕ್ಸ್‌ರೇ ಟೆಕ್ನಿಷಿಯನ್. ಹೀಗಾಗಿ ಆ ಬೆನ್ನು ನನ್ನ ಜವಾಬ್ದಾರಿಯೆಂದು ಎಲ್ಲರೂ ತೀರ್ಮಾನಿಸಿದ್ದರು, ನಾನೂ ಒಪ್ಪಿಕೊಂಡಿದ್ದೆ. ಎಂಟು ವರ್ಷಗಳಲ್ಲಿ ನಾಲ್ಕು ಸಲ ಅವಳ ಫಿಲಂ ತೆಗೆದಿದ್ದೆ. ಬಾಗು ಮೊದಲ ಸಲ ನಲವತ್ತು ಡಿಗ್ರಿ, ಆಮೇಲೆ ನಲವತ್ತೊಂದು, ಮತ್ತೆ ನಲವತ್ತೊಂದು, ಕಳೆದ ವರ್ಷ ನಲವತ್ತೆರಡು. ಮೊದಲನೆಯದರ ನಂತರ ಪ್ರತಿ ಸಲವೂ ಫೋನು ಮಾಡಿ ಏನೂ ಹೆಚ್ಚಾಗಿಲ್ಲ, ಆರಾಮಿರು ಎಂದು ಹೇಳಿದ್ದೆ.

ನಾನು ಫಿಲಂ ತೆಗೆಯುವ ರೀತಿಯನ್ನು ಇಲ್ಲಿ ಹೇಳಿಬಿಡುತ್ತೇನೆ. ನಮ್ಮ ಕಸುಬಿನಲ್ಲಿ ಫಿಲಂ ಸೊಟ್ಟ ಬಂದರೆ ರೋಗಿಯನ್ನು ಯಾರೂ ಬಯ್ಯುವುದಿಲ್ಲ, ಟೆಕ್ನಿಷಿಯನ್ನನ್ನು ಬಯ್ಯುತ್ತಾರೆ. ಆದ್ದರಿಂದ ಮೇಜಿನ ಮೇಲೆ ಮಲಗಿಸಿದವರನ್ನು ಮೊದಲು ನೇರ ಮಾಡುವುದು ನನಗೆ ಅಭ್ಯಾಸ. ಮಂಡಿ ಕೆಳಗೆ ದಿಂಬು, ತಲೆ ನಡುವಿಗೆ, ಪಕ್ಕಕ್ಕೆ ವಾಲುವವರಿಗೆ ವಾಲುವ ಕಡೆ ಸ್ಪಂಜಿನ ತುಂಡು, ಅದು ಜಾರದಂತೆ ಆಚೆಗೊಂದು ಮರಳು ಚೀಲ. ತಂಗಿಯನ್ನು ಮಲಗಿಸಿದಾಗಲೂ ಉಬ್ಬಿದ ಬಲಪಕ್ಕೆಗೆ ಸ್ಪಂಜು ಒತ್ತಿ, ಮರಳು ಚೀಲ ಜೋಡಿಸಿ, ಕಾಲುಗಳನ್ನು ಮೆಲ್ಲಗೆ ಎಳೆದು ಸರಿಮಾಡಿ, ಉಸಿರು ಹಿಡಿ ಎನ್ನುತ್ತಿದ್ದೆ. ತಂಗಿಯೆಂದು ಒಂದು ಕೈ ಹೆಚ್ಚೇ ಜಾಗ್ರತೆ. ಫಿಲಂ ಪುಸ್ತಕದಲ್ಲಿ ಅಚ್ಚು ಹಾಕುವಷ್ಟು ಚೊಕ್ಕ ಬರುತ್ತಿತ್ತು. ಆ ಚೊಕ್ಕತನದ ಬಗ್ಗೆ ನನಗೆ ಜಂಬವೂ ಇತ್ತು.

ಹಂಪಿಯಿಂದ ಬಂದ ಮಾರನೆಯ ದಿನವೇ ನಾಲ್ಕೂ ಫಿಲಂಗಳನ್ನು ಒಂದು ಫೈಲಿಗೆ ಸೇರಿಸಿ ಸರ್ಜನ್‌ರನ್ನು ಹುಡುಕಲು ಹೊರಟೆ. ಮೊದಲು ತೋರಿಸಿದ್ದು ನಮ್ಮೂರಿನ ಮೂಳೆ ಡಾಕ್ಟರಿಗೆ. ಅವರಿಗೆ ನಾನು ಸಾವಿರಾರು ಕೈಕಾಲುಗಳ ಫಿಲಂ ತೆಗೆದುಕೊಟ್ಟವನು. ಮುಚ್ಚುಮರೆಯಿಲ್ಲದೆ ಇದು ನನ್ನ ಕೈಯ ಕೆಲಸವಲ್ಲ, ಬೆನ್ನುಮೂಳೆಯದನ್ನೇ ಮಾಡುವವರ ಹತ್ತಿರ ಹೋಗು ಅಂದರು. ಯಾರ ಹತ್ತಿರ ಎಂದು ಕೇಳಿದರೆ ಅವರಿಗೂ ಖಚಿತವಿರಲಿಲ್ಲ. ಮಕ್ಕಳ ಬೆನ್ನು ನೇರ ಮಾಡುವವರು ಬೇಕಾದಷ್ಟು ಜನ ಇದ್ದಾರೆ, ನಲವತ್ತು ದಾಟಿದವರ ಬೆನ್ನಿಗೆ ಕೈ ಹಾಕುವವರು ಕಡಿಮೆ ಎಂದರು. ದೊಡ್ಡವರ ಮೂಳೆ ಗಟ್ಟಿಯಾಗಿರುತ್ತದೆ, ನರಗಳು ಸಿಕ್ಕಿಕೊಂಡಿರುತ್ತವೆ, ಸ್ಕ್ರೂ ಸಡಿಲಾಗುತ್ತದೆ, ಗಂಟೆಗಟ್ಟಲೆ ರಕ್ತ ಹೋಗುತ್ತದೆ. ಇಷ್ಟನ್ನು ಅವರಿಂದಲೇ ಕಲಿತೆ.

ಬಳ್ಳಾರಿಗೆ ತಿಂಗಳಿಗೊಮ್ಮೆ ಬರುವ ಒಬ್ಬ ಸ್ಪೈನ್ ಸರ್ಜನ್ ಇದ್ದರು. ಮೂರು ತಾಸು ಕಾಯಿಸಿ ಮೂರು ನಿಮಿಷ ನೋಡಿದರು. ತಂಗಿಯನ್ನು ಕುರ್ಚಿಯಿಂದ ಎಬ್ಬಿಸಲಿಲ್ಲ. ನಲವತ್ತೆರಡು ಡಿಗ್ರಿ ಏನೂ ಅಲ್ಲ, ಮುಂದಿನ ತಿಂಗಳು ಬಂದರೆ ಎರಡು ರಾಡ್ ಹಾಕಿ ಪೂರ್ತಿ ನೇರ ಮಾಡಿ ಕಳಿಸುತ್ತೇನೆ ಅಂದರು. ದೊಡ್ಡ ವಯಸ್ಸಿನವರಿಗೆ ಇಂಥವು ಎಷ್ಟು ಮಾಡಿದ್ದೀರಿ ಸರ್ ಎಂದು ಕೇಳಿದೆ. ಅವರು ಫೋನು ನೋಡುತ್ತಿದ್ದರು, ಉತ್ತರ ಕೊಟ್ಟವನು ಪಕ್ಕದಲ್ಲಿ ನಿಂತ ಸಹಾಯಕ. ಬಹಳ ಮಾಡಿದ್ದಾರೆ ಎಂದ. ಬಹಳ ಎಂಬುದು ಒಂದು ಸಂಖ್ಯೆಯಲ್ಲ ಎಂಬುದು ನನಗೆ ಗೊತ್ತು, ಹೊರಗೆ ಬಂದೆ.

ಹುಬ್ಬಳ್ಳಿಯ ಸರ್ಜನ್ ಹಿರಿಯರು, ಸೌಮ್ಯ ಸ್ವಭಾವದವರು. ನಾಲ್ಕೂ ಫಿಲಂಗಳನ್ನು ಸಾಲಾಗಿ ದೀಪದ ಮುಂದೆ ಸಿಕ್ಕಿಸಿ ನೋಡಿದರು. ಎಂಟು ವರ್ಷದಲ್ಲಿ ಎರಡೇ ಡಿಗ್ರಿ, ಅದು ಅಳೆಯುವಾಗ ಆಗುವ ಹೆಚ್ಚುಕಡಿಮೆ, ಈ ಬೆನ್ನು ನಿಂತುಹೋಗಿದೆ, ಆಪರೇಷನ್ ಬೇಡವೇ ಬೇಡ ಎಂದರು. ವ್ಯಾಯಾಮ ಬರೆದುಕೊಟ್ಟು, ತೂಕ ಇಳಿಸಲು ಹೇಳಿದರು. ತಂಗಿಯ ತೂಕ ನಲವತ್ನಾಲ್ಕು ಕಿಲೋ. ಬಸ್ಸಿನಲ್ಲಿ ಅವಳು ಏನನ್ನು ಇಳಿಸಲಿ ಎಂದು ಕೇಳಿ ನಕ್ಕಳು, ನಾನೂ ನಕ್ಕೆ. ಗದಗ ದಾಟುವಷ್ಟರಲ್ಲಿ ಕಾಲು ಜೋಮು ಹಿಡಿದು ಸೀಟಿನ ಮೇಲೆ ಚಾಚಿಕೊಂಡು ಕುಳಿತಿದ್ದಳು.

ನಾಲ್ಕನೆಯವರನ್ನು ಫೋನಿನ ಪರದೆಯಲ್ಲೇ ನೋಡಿದೆವು. ಬಾಗಿನ ಗೊಡವೆ ಬೇಡ, ಸೊಂಟದಲ್ಲಿ ಒಂದು ನರ ಒತ್ತಿಕೊಂಡಿದೆ, ಸಣ್ಣ ತೂತು ಹಾಕಿ ಅದನ್ನಷ್ಟೇ ಬಿಡಿಸೋಣ, ಮೂರನೇ ದಿನ ಮನೆಗೆ ಎಂದರು ಅವರು. ಒಂದೇ ಬೆನ್ನು, ಒಂದೇ ಫೈಲು. ಒಬ್ಬರು ಪೂರ್ತಿ ನೇರ ಮಾಡುವವರು, ಒಬ್ಬರು ಮುಟ್ಟಲೇಬೇಡ ಎನ್ನುವವರು, ಒಬ್ಬರು ತೂತು ಹಾಕುವವರು. ಯಾರನ್ನು ನಂಬಬೇಕೆಂದು ತಂಗಿಯ ಗಂಡನನ್ನು ಕೇಳಿದರೆ "ನೀವು ಹೆಂಗ ಹೇಳ್ತೀರಿ ಹಂಗ" ಅಂದ. ಅವನ ಆ ನಾಲ್ಕು ಮಾತು ನನ್ನ ಎದೆಯ ಮೇಲೆ ಕಲ್ಲು ಹೇರಿದಂತಾಯಿತು.

ಹೀಗೆ ಐದು ತಿಂಗಳು ಕಳೆದವು. ಈ ನಡುವೆ ಅವಳು ಮಷೀನ್ ತುಳಿಯುವ ಕಾಲು ಬದಲಿಸಿದಳು, ಆಮೇಲೆ ಮಷೀನಿಗೆ ಮೋಟರ್ ಕೂರಿಸಿದಳು, ಆಮೇಲೆ ಕಟಿಂಗನ್ನು ಬೆಳಿಗ್ಗೆ ಒಂದು ತಾಸಿಗೆ ಇಳಿಸಿದಳು. ಪ್ರತಿಯೊಂದನ್ನೂ ನನಗೆ ಸುದ್ದಿಯಂತೆ ಹೇಳುತ್ತಿದ್ದಳು, ದೂರಿನಂತೆ ಅಲ್ಲ. ನಾನು ಸೆಂಟರಿನಲ್ಲಿ ಯಾರದೋ ಎದೆಯ ಫಿಲಂ ತೆಗೆಯುತ್ತ, ಇವಳ ಕಾಲು ಪೂರ್ತಿ ಹೋಗುವ ದಿನ ಯಾವುದು ಎಂದು ಲೆಕ್ಕ ಹಾಕುತ್ತಿದ್ದೆ.

ನಮ್ಮ ಸೆಂಟರಿಗೆ ಬಂದುಹೋಗುವ ಅರಿವಳಿಕೆ ವೈದ್ಯರೊಬ್ಬರು ಫೈಲನ್ನು ತಿರುವಿಹಾಕಿ ಬೆಂಗಳೂರಿನ ಒಬ್ಬ ಮಹಿಳಾ ಸರ್ಜನ್ ಹೆಸರು ಹೇಳಿದರು. ಅವರು ಮಾಡಿದ ಆಪರೇಷನ್‌ಗಳಿಗಿಂತ, ಬೇಡವೆಂದು ವಾಪಸು ಕಳಿಸಿದವರನ್ನು ನಾನು ಹೆಚ್ಚು ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ ಎಂದರು. ಕೇಳಬೇಕಾದ ಪ್ರಶ್ನೆಗಳನ್ನೂ ಅವರೇ ಬರೆಸಿದರು. ದೊಡ್ಡವರ ಬೆನ್ನನ್ನು ವರ್ಷಕ್ಕೆ ಎಷ್ಟು ಸಲ, ತಮ್ಮ ಕೈಯಾರೆ ಮಾಡುತ್ತಾರೆ. ಆಪರೇಷನ್ ನಡೆಯುವಾಗ ಕಾಲಿನ ನರಗಳ ಸಂಕೇತ ಕಾಯುವ ಯಂತ್ರ ಇದೆಯೇ, ಅದರ ಮುಂದೆ ಕೂರುವವರು ಯಾರು. ಸಂಕೇತ ನಡುವೆ ಕುಂದಿದರೆ ಏನು ಮಾಡುತ್ತಾರೆ. ಮತ್ತೊಮ್ಮೆ ಕೊಯ್ಯಬೇಕಾಗಿ ಬಂದವರು ಎಷ್ಟು ಜನ. ಕೊನೆಯದನ್ನು ಕೇಳಿದಾಗ ಮುಖ ನೋಡು ಅಂದರು.

ಆದರೆ ಬೆಂಗಳೂರಿನಲ್ಲಿ ಮುಖ ನೋಡಿಸಿಕೊಳ್ಳುವ ಸರದಿ ನನ್ನದೇ ಆಯಿತು. ಆ ಮೇಡಂ ಫೈಲನ್ನು ಮುಟ್ಟುವ ಮೊದಲು ತಂಗಿಯನ್ನು ನಡೆಸಿದರು. ಬಾಗಿಲಿನವರೆಗೆ ಹೋಗಿ ಬಾ, ಹಿಮ್ಮಡಿಯ ಮೇಲೆ ನಡೆ, ಮುಂದಕ್ಕೆ ಬಗ್ಗು. ಸೆರಗು ಸರಿಸಿ ಹಿಂದೆ ನಿಂತು ಬಹಳ ಹೊತ್ತು ನೋಡಿದರು. ಕುಪ್ಪಸದ ಎಡಪಕ್ಕದ ಹೊಲಿಗೆಯ ಮೇಲೆ ಬೆರಳಾಡಿಸಿದರು, ಬಲಪಕ್ಕದ ಮೇಲೆ ಆಡಿಸಿದರು. ಎಡ ಭುಜದೊಳಗಿನ ಪ್ಯಾಡನ್ನು ಹಿಸುಕಿ ನೋಡಿದರು. ಇಷ್ಟು ಚೆನ್ನಾಗಿ ಮುಚ್ಚಿ ಹೊಲಿದವರು ಯಾರು ಎಂದು ಕೇಳಿದರು. ನಾನೇ ಎಂದಳು ತಂಗಿ. ಹಳೆಯ ಅಳತೆಗಳು ಇವೆಯಾ ಎಂದಾಗ, ಅಳತೆ ಪುಸ್ತಕ ಕಂಪ್ಲಿಯಲ್ಲಿದೆ, ದೀಪಾವಳಿಗೊಂದು ನನ್ನದೂ ಬರೆದಿರುತ್ತೇನೆ ಎಂದಳು. ಅದನ್ನು ಮುಂದಿನ ಸಲ ತಪ್ಪದೆ ತರಬೇಕೆಂದರು ಮೇಡಂ.

ಆಮೇಲೆ ಫಿಲಂ ನೋಡಿದರು. ಒಮ್ಮೆ ಫಿಲಂ, ಒಮ್ಮೆ ತಂಗಿ, ಮತ್ತೆ ಫಿಲಂ. ಯಾರು ತೆಗೆದದ್ದೆಂದು ಕೇಳಿದಾಗ ನಾನು ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕುಳಿತೆ.

"ತುಂಬಾ ನೀಟಾಗಿದೆ," ಎಂದರು. "ಆದರೆ ಈ ಫಿಲಂನಲ್ಲಿರೋ ಬೆನ್ನು ಇವರದ್ದಲ್ಲ. ಮಲಗಿಸಿ ತೆಗೆದದ್ದು ಕಾಣುತ್ತೆ. ಪಕ್ಕಕ್ಕೆ ಏನಾದರೂ ಒತ್ತಿದ್ರಾ?"

ಇಲ್ಲ ಎಂದೆ. ಯೋಚಿಸಿ ಹೇಳಿದ ಸುಳ್ಳಲ್ಲ ಅದು, ಬಾಯಿ ತಾನಾಗಿ ಹೇಳಿತು. ಒತ್ತಿದ್ದೆ ಎಂದರೆ ನನ್ನ ಕಸುಬು ಕೆಟ್ಟದೆಂದಾಗುತ್ತದೆ ಎಂಬ ಭಯ ನನ್ನ ತಂಗಿಯ ಕಾಲಿಗಿಂತ ಮುಂದೆ ಓಡಿತು. ಮೇಡಂ ವಾದಿಸಲಿಲ್ಲ. ಈ ಫಿಲಂಗಳು ಸರಿಯಿದ್ದರೆ ಬಾಗು ಹೆಚ್ಚಾಗಿಲ್ಲ, ಆಗ ನಾನು ದೊಡ್ಡ ಆಪರೇಷನ್ ಮಾಡುವುದಿಲ್ಲ ಎಂದರು. ಸರಿಯಿಲ್ಲದಿದ್ದರೆ ಮಾತೇ ಬೇರೆ. ಅನುಮಾನದ ಕಾಗದ ಇಟ್ಟುಕೊಂಡು ಯಾರ ಬೆನ್ನನ್ನೂ ತೆರೆಯುವುದಿಲ್ಲ ಎಂದು, ತಲೆಯಿಂದ ಸೊಂಟದವರೆಗೆ ನಿಲ್ಲಿಸಿ ತೆಗೆದ ಹೊಸ ಫಿಲಂ ಮತ್ತು ಉಸಿರಿನ ಪರೀಕ್ಷೆ ಬರೆದರು. ಅಲ್ಲೇ ತೆಗೆಸಬಹುದಿತ್ತು. ನಾನೇ ನಮ್ಮಲ್ಲಿ ತೆಗೆಯುತ್ತೇನೆ ಎಂದೆ. ಆಗಲೂ ಬಾಯಿಯೇ ಹೇಳಿತು. ನನ್ನ ಪಟ್ಟಿಯ ಪ್ರಶ್ನೆಗಳನ್ನು ಕೇಳುವ ಧೈರ್ಯವಾಗಲಿಲ್ಲ. ಸರಿಯಾದ ಸರ್ಜನ್ ಸಿಕ್ಕಿದ್ದಾರೆಂದು ನನಗೆ ಗೊತ್ತಾಗಿತ್ತು, ಗೊತ್ತಾದ ಕ್ಷಣವೇ ಅವರಿಗೆ ಸುಳ್ಳು ಹೇಳಿದ್ದೆ.

ಊರಿಗೆ ಬಂದವನು ಮೊದಲು ಸಂಡೂರಿಗೆ ಹೋದೆ. ನನಗೆ ಕೆಲಸ ಕಲಿಸಿದ ಹಿರಿಯ ಟೆಕ್ನಿಷಿಯನ್ ಅಲ್ಲಿದ್ದಾರೆ. ಗಣಿ ಕಡೆಯ ಆಸ್ಪತ್ರೆಯೊಂದರಲ್ಲಿ ದುಡಿದು ನಿವೃತ್ತರಾದವರು, ಈಗ ಕಿವಿ ಮಂದ. ಸ್ಪಂಜು ಮತ್ತು ಮರಳು ಚೀಲ ಇಡಲು ಅವರೇ ಹೇಳಿಕೊಟ್ಟಿದ್ದರು. ತಪ್ಪು ನನ್ನೊಬ್ಬನದಲ್ಲ ಎಂದು ಅವರ ಬಾಯಿಂದ ಕೇಳಿಸಿಕೊಳ್ಳಲು ಹೋಗಿದ್ದೆ, ಸುಳ್ಳೇಕೆ. ಲಾರಿಗಳ ಕೆಂಪು ಧೂಳು ಕೂತ ಕಟ್ಟೆಯ ಮೇಲೆ ಕುಳಿತು, ಕೂಗಿ ಕೂಗಿ ಎಲ್ಲವನ್ನೂ ಹೇಳಿದೆ.

"ಕೈಕಾಲು ಮುರದವರನ್ನ ನೆಟ್ಟಗ ಮಾಡು ಅಂದಿದ್ದೆ," ಎಂದರು ಅವರು. "ಡೊಂಕ ಬೆನ್ನಿಗೆ ಕೈ ಹಚ್ಚಬ್ಯಾಡ, ಆ ಡೊಂಕ ನೋಡಾಕನ ಡಾಕ್ಟ್ರು ಫಿಲಂ ಬರೀತಾರ ಅಂತನೂ ಅಂದಿದ್ದೆ. ಅವತ್ತು ನಿನ್ನ ಚಿತ್ತ ಎಲ್ಲಿತ್ತೋ ಏನೋ."

ಅವರು ಹೇಳಿರಬಹುದು. ನನಗೆ ನೆನಪಿಲ್ಲ. ಅವರ ಮನೆಯವರು ಕೊಟ್ಟ ಚಹಾ ಕುಡಿದು, ಇನ್ನು ತಪ್ಪು ಹೊರಿಸಲು ಯಾರೂ ಉಳಿದಿಲ್ಲವೆಂದು ತಿಳಿದು ಬಸ್ ಹತ್ತಿದೆ.

ಮುಂದಿನ ಭಾನುವಾರ ಕಂಪ್ಲಿಗೆ ಹೋದೆ. ದಾರಿಯುದ್ದಕ್ಕೂ ಎರಡು ದಾರಿಗಳು ತಲೆಯಲ್ಲಿದ್ದವು. ನಿಲ್ಲಿಸಿ ತೆಗೆದ ಹೊಸ ಫಿಲಂನಲ್ಲಿ ಬಾಗು ಹೆಚ್ಚು ಕಂಡರೆ ಈ ಒಂದು ವರ್ಷದಲ್ಲೇ ಹೆಚ್ಚಾಯಿತು ಎನ್ನಬಹುದು, ಯಾರೂ ನನ್ನ ಕೈ ಹಿಡಿದು ಕೇಳುವುದಿಲ್ಲ. ಆದರೆ ಒಂದೇ ವರ್ಷದಲ್ಲಿ ಅಷ್ಟು ಬಾಗಿದೆ ಎಂದರೆ ಸರ್ಜನ್ ಬೇರೆಯೇ ರೋಗ ಹುಡುಕುತ್ತಾರೆ. ಗಡ್ಡೆಯೋ, ಕ್ಷಯವೋ ಎಂದು ಅವಳನ್ನು ಇನ್ನೊಂದಿಷ್ಟು ತಿಂಗಳು ಅಲೆಸುತ್ತಾರೆ. ನನ್ನ ಮಾನ ಉಳಿಸಿಕೊಳ್ಳಲು ಅವಳ ಕಾಲಿನ ತಿಂಗಳುಗಳನ್ನು ಖರ್ಚು ಮಾಡಬೇಕು. ಎಂಟು ವರ್ಷ ಖರ್ಚು ಮಾಡಿದ್ದು ಸಾಲದೇ ಎನ್ನಿಸಿತು. ಬಸ್ ಇಳಿಯುವಾಗ ಹೇಳುವುದೆಂದು ನಿರ್ಧರಿಸಿದ್ದೆ.

ಅಳತೆ ಪುಸ್ತಕ ಮಷೀನಿನ ಪಕ್ಕದಲ್ಲೇ ಇತ್ತು, ರಟ್ಟು ಕಿತ್ತುಹೋದ ಉದ್ದನೆಯ ಪುಸ್ತಕ. ಗಿರಾಕಿಗಳ ಹೆಸರುಗಳ ನಡುವೆ ವರ್ಷಕ್ಕೊಮ್ಮೆ 'ನಾನು' ಎಂದು ಬರೆದಿದ್ದಳು. ಕಂಕುಳಿನಿಂದ ನಡುವಿನವರೆಗೆ ಬಲಕ್ಕೆ ಎಂಟು ಇಂಚು, ಎಲ್ಲ ವರ್ಷಗಳಲ್ಲೂ ಎಂಟೇ. ಎಡಕ್ಕೆ, ನನ್ನ ಮೊದಲ ಫಿಲಂನ ವರ್ಷ ಏಳು. ಆಮೇಲೆ ಆರೂವರೆ. ಆಮೇಲೆ ಆರು. ಕಳೆದ ದೀಪಾವಳಿಗೆ ಐದೂವರೆ. ನನ್ನ ಯಂತ್ರ ಎರಡು ಡಿಗ್ರಿ ಎಂದದ್ದನ್ನು ಅವಳ ಟೇಪು ಒಂದೂವರೆ ಇಂಚು ಎಂದು ಬರೆದಿಟ್ಟಿತ್ತು. ಎಡಗಡೆಯ ಸಂಖ್ಯೆಗಳನ್ನು ಮೂರು ಕಡೆ ಹೊಡೆದುಹಾಕಿ, ಪಕ್ಕದಲ್ಲಿ ಮತ್ತೆ ಅದೇ ಸಂಖ್ಯೆಯನ್ನು ಬೇರೆ ಮಸಿಯಲ್ಲಿ ಬರೆದಿದ್ದಳು. ಯಾಕೆಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಪುಸ್ತಕ ಮುಚ್ಚಿ ಎಲ್ಲವನ್ನೂ ಹೇಳಿದೆ. ಸ್ಪಂಜು, ಮರಳು ಚೀಲ, ಬೆಂಗಳೂರಿನಲ್ಲಿ ಹೇಳಿದ ಸುಳ್ಳು. ಅವಳು ಕೈಯಲ್ಲಿದ್ದ ಕತ್ತರಿಯನ್ನು ಬಟ್ಟೆಯ ಮೇಲಿಟ್ಟಳು. ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ.

"ಡಾಕ್ಟ್ರಿಗೆ ಬೇಕಾಗಿದ್ದು ನನ್ನ ಬೆನ್ನಿನ ಫೋಟೋ," ಎಂದಳು. "ನೀ ಕೊಟ್ಟಿದ್ದು ಕನ್ಯಾ ತೋರ್ಸೋ ಫೋಟೋ."

ಅಷ್ಟೇ. ಆಮೇಲೆ ಕತ್ತರಿ ಎತ್ತಿಕೊಂಡು ಕೆಲಸಕ್ಕೆ ಕುಳಿತಳು. ಊಟಕ್ಕೆ ಏಳು ಎನ್ನಲಿಲ್ಲ. ಕಂಪ್ಲಿಯಿಂದ ಊಟ ಮಾಡದೆ ನಾನು ಹಿಂದಿರುಗಿದ್ದು ಅದೇ ಮೊದಲು. ಎರಡು ವಾರ ನನ್ನ ಫೋನು ಎತ್ತಲಿಲ್ಲ. ಸೆಂಟರಿನ ಮರಳು ಚೀಲಗಳನ್ನು ಮೇಜಿನಡಿಗೆ ತಳ್ಳಿಟ್ಟೆ. ಎಂಟು ವರ್ಷದಲ್ಲಿ ಇನ್ನೆಷ್ಟು ಜನರ ಬೆನ್ನನ್ನು ಹೀಗೆ ಚೊಕ್ಕ ಮಾಡಿ ಕಳಿಸಿದ್ದೇನೋ ಎಂದು ಹಳೆಯ ಹೆಸರುಗಳನ್ನು ನೆನೆಯಲು ಹೋಗಿ, ಆಗದೆ ಬಿಟ್ಟೆ. ಹದಿನೈದನೆಯ ದಿನ ಅವಳ ಗಂಡ ಫೋನು ಮಾಡಿದ. "ಅಣ್ಣಾರ, ಫಿಲಂ ಯಾವತ್ತು ತಗೀತೀರಿ ಅಂತ ಕೇಳಾಕ ಹೇಳ್ಯಾಳ."

ಆ ದಿನ ಚಿತ್ತವಾಡ್ಗಿಯ ನನ್ನ ಮನೆಗೂ ಬರದೆ ಬಸ್‌ಸ್ಟ್ಯಾಂಡಿನಿಂದ ಆಟೋದಲ್ಲಿ ನೇರ ಸೆಂಟರಿಗೆ ಬಂದಳು. ಭುಜದ ಪ್ಯಾಡ್ ಇಲ್ಲದ ಕುಪ್ಪಸ ಹಾಕಿದ್ದಳು. ಹಾಗೆ ಅವಳನ್ನು ನಾನು ನೋಡಿದ್ದು ಎಷ್ಟೋ ವರ್ಷಗಳ ಮೇಲೆ. ಗೋಡೆಯ ಸ್ಟ್ಯಾಂಡಿಗೆ ಎದೆ ತಾಗಿಸಿ ನಿಲ್ಲಲು ಹೇಳಿದೆ, ಬರಿಗಾಲಿನಲ್ಲಿ, ಹೇಗೆ ಬರುತ್ತದೋ ಹಾಗೆ. ಬಲ ಭುಜ ಮೇಲೆ, ಎಡ ಸೊಂಟ ಒಳಗೆ ಮಡಚಿಕೊಂಡು ನಿಂತಳು. ಹೋಗಿ ಆ ಭುಜ ಹಿಡಿದು ಸರಿಮಾಡಬೇಕೆಂದು ನನ್ನ ಕೈಗಳು ಎದ್ದವು. ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಗಾಜಿನ ಹಿಂದೆ ಹೋದೆ. ಮೇಲಿನ ಅರ್ಧ, ಕೆಳಗಿನ ಅರ್ಧ, ಎರಡು ಸಲ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸಿದೆ. ಬಾಗಿನ ಮೇಲ್ತುದಿಯ ಮೂಳೆಗೊಂದು ಗೆರೆ, ಕೆಳತುದಿಯದಕ್ಕೊಂದು ಗೆರೆ ಎಳೆದು ಕೋನ ನೋಡಿದೆ. ಅರವತ್ತೇಳು. ಗೆರೆ ಅಳಿಸಿ ಮತ್ತೆ ಎಳೆದೆ. ಅರವತ್ತೆಂಟು.

ಬೆಂಗಳೂರಿನಲ್ಲಿ ಮೇಡಂ ಮುಂದೆ ಫಿಲಂ, ಅಳತೆ ಪುಸ್ತಕ ಎರಡನ್ನೂ ಇಟ್ಟು, ಅವತ್ತು ಸುಳ್ಳು ಹೇಳಿದೆ ಎಂದೆ. ಗೊತ್ತಾಗಿತ್ತು, ಅದಕ್ಕೇ ಹೊಸ ಫಿಲಂ ಬರೆದದ್ದು ಎಂದರು. ಬಯ್ಯಲಿಲ್ಲ. ಆಪರೇಷನ್ ಮುಂಚೆ ಬೆನ್ನು ಎಷ್ಟು ತಿರುಗಿ ಬರುತ್ತದೆಂದು ನೋಡಲು ನಾವೇ ಹೀಗೆ ಪಕ್ಕಕ್ಕೆ ಒತ್ತಿ ಒಂದು ಫಿಲಂ ತೆಗೆಸುತ್ತೇವೆ, ನೀವು ಅದನ್ನೇ ಎಂಟು ವರ್ಷ ತೆಗೆದಿದ್ದೀರಿ ಎಂದರು. ಈ ಸಲ ನನ್ನ ಪಟ್ಟಿಯನ್ನು ತೆಗೆದು ಒಂದೊಂದಾಗಿ ಕೇಳಿದೆ. ಒಂದೊಂದಕ್ಕೂ ಉತ್ತರ ಹೇಳಿದರು. ಕೊನೆಯ ಪ್ರಶ್ನೆಗೆ ಅವರ ಮುಖ ಬಾಡಿತು, ಆದರೂ ಹೇಳಿದರು. ಎರಡನೇ ಸಲ ಕೊಯ್ಯಬೇಕಾದವರು ಇದ್ದಾರೆ. ಒಬ್ಬಾಕೆಗೆ ಎಚ್ಚರವಾದ ಮೇಲೆ ಪಾದ ಏಳಲೇ ಇಲ್ಲ, ಆಕೆ ಇಂದಿಗೂ ನನ್ನ ಹತ್ತಿರವೇ ಬರುತ್ತಾಳೆ ಎಂದರು.

ಅವರು ಹೇಳಿದ್ದರ ಸಾರ ಇಷ್ಟು. ಆಪರೇಷನ್ ಬೇಕು. ಅದು ನೇರ ಮಾಡಲು ಅಲ್ಲ, ಇರುವುದನ್ನು ಉಳಿಸಲು. ಹೆಗಲ ಕೆಳಗಿನಿಂದ ಸೊಂಟದ ಮೂಳೆಯವರೆಗೆ ಎಲ್ಲವನ್ನೂ ಬೆಸೆಯಬೇಕು. ಮಷೀನ್ ಮುಂದೆ ಕೂರಬಹುದು, ನೆಲದ ಮೇಲೆ ಬಟ್ಟೆ ಹಾಸಿ ಬಗ್ಗಿ ಕತ್ತರಿಸುವುದು ಮುಗಿಯಿತು. ಕಾಲಿಗೆ ಹೋದ ಬಲ ಬರುತ್ತದೆಂದು ಮಾತು ಕೊಡುವುದಿಲ್ಲ. ಎಲ್ಲಕ್ಕಿಂತ ದೊಡ್ಡ ತೊಡಕು ಉಸಿರು. ಬಾಗಿದ ಪಕ್ಕೆಲುಬುಗಳು ಶ್ವಾಸಕೋಶವನ್ನು ಒತ್ತಿಬಿಟ್ಟಿವೆ, ಪರೀಕ್ಷೆಯ ಸಂಖ್ಯೆ ಮೇಲೇರದೆ ಅರಿವಳಿಕೆ ಕೊಡಲು ಅವರ ತಂಡ ಒಪ್ಪುವುದಿಲ್ಲ. ಮೂರು ತಿಂಗಳು ಉಸಿರಿನ ವ್ಯಾಯಾಮ, ಆಮೇಲೆ ಮಾತು.

ಎಂಟು ವರ್ಷದ ಹಿಂದೆ ಬಂದಿದ್ದರೆ ಎಂದು ಕೇಳಿದೆ. ಕೇಳಬಾರದಿತ್ತು.

"ಆಗ ಅರ್ಧ ಬೆನ್ನು ಬೆಸೆದರೆ ಸಾಕಾಗ್ತಿತ್ತು," ಎಂದರು. "ಕಾಲೂ ಚೆನ್ನಾಗಿತ್ತು, ಉಸಿರೂ ಚೆನ್ನಾಗಿತ್ತು. ನೀವು ಕೇಳಿದಿರಿ ಅಂತ ಹೇಳಿದೆ."

ತಂಗಿ ಕಿಟಕಿಯ ಕಡೆ ನೋಡುತ್ತಿದ್ದಳು. ಈ ಕಡೆ ತಿರುಗಿ, ಮಾಡೋದಾದ್ರ ನೀವ ಮಾಡ್ರಿ ಮೇಡಮ್ಮಾರ ಎಂದಳು. ಹೀಗೆ ಸರ್ಜನ್ ಹುಡುಕುವ ಕೆಲಸ ಮುಗಿಯಿತು.

ಈಗ ನಾಲ್ಕು ತಿಂಗಳಾಗಿದೆ. ಮೂರು ಚೆಂಡುಗಳ ಪ್ಲಾಸ್ಟಿಕ್ ಉಪಕರಣವೊಂದನ್ನು ಮಷೀನಿನ ಪಕ್ಕದಲ್ಲಿಟ್ಟುಕೊಂಡಿದ್ದಾಳೆ. ಪ್ರತಿ ಕುಪ್ಪಸದ ಕೈ ಜೋಡಿಸಿದ ಮೇಲೆ ಹತ್ತು ಸಲ ಉಸಿರೆಳೆಯುತ್ತಾಳೆ. ಎರಡು ಚೆಂಡು ಏಳುತ್ತವೆ, ಮೂರನೆಯದು ಅಲುಗುತ್ತದೆ, ಏಳುವುದಿಲ್ಲ. ಎರಡು ಸಲ ಪರೀಕ್ಷೆ ಮಾಡಿಸಿದೆವು, ಎರಡು ಸಲವೂ ಸಂಖ್ಯೆ ಸಾಲದೆಂದು ವಾಪಸು ಕಳಿಸಿದರು. ಎಡ ಮೀನಖಂಡ ಕಣ್ಣಿಗೆ ಕಾಣುವಷ್ಟು ತೆಳ್ಳಗಾಗಿದೆ. ಮೂರನೆಯ ಪರೀಕ್ಷೆಯೂ ಹಾಗೇ ಆದರೆ ಏನೆಂದು ಮೇಡಂ ಅವರನ್ನು ನಾನು ಕೇಳಿಲ್ಲ. ಕೇಳಿದರೆ ಅವರು ಹೇಳಿಬಿಡುತ್ತಾರೆ.

ಮೊನ್ನೆ ಕಂಪ್ಲಿಗೆ ಹೋಗಿದ್ದೆ. ಆಸ್ಪತ್ರೆಗೆ ಬೇಕಾದ ಸಾಮಾನುಗಳ ಚೀಟಿಯಲ್ಲಿ ಮುಂದೆ ಗುಂಡಿಯಿರುವ ಸಡಿಲ ಕುಪ್ಪಸ ಎರಡು ಎಂದಿದೆ. ದಿನ ಗೊತ್ತಾಗದಿದ್ದರೂ, ಬಗ್ಗಲು ಬರುವಾಗಲೇ ಕತ್ತರಿಸಿಡುತ್ತೇನೆ ಎಂದಳು. ಅಳತೆ ತೆಗೆದುಕೊಳ್ಳಲು ಕೈ ಹಿಂದಕ್ಕೆ ಹೋಗಲಿಲ್ಲ. ಗಂಡ ಗಿರಣಿಯಲ್ಲಿದ್ದ. ನೀನೇ ತಗೋ ಎಂದು ನನಗೆ ಹೇಳಿದಳು. ಆ ಭಾನುವಾರದ ನಂತರ ಅವಳು ತಾನೇ ನನ್ನನ್ನು ಕೇಳಿದ ಮೊದಲ ಕೆಲಸ ಅದು.

ಮಷೀನಿನ ಖಾನೆ ಎಳೆದೆ. ಒಳಗೆ ಮೂರು ಟೇಪುಗಳಿದ್ದವು, ಮೂರೂ ಹೆಚ್ಚು ಬಳಸದಂಥವು, ಅಂಕಿಗಳು ಮಾಸಿರಲಿಲ್ಲ. ಯಾವುದು ಸರಿಯಾದದ್ದು ಎಂದು ಕೇಳಿದೆ.

"ಮೂರೂ ಸರಿನ ಅದಾವ," ಎಂದಳು ತಂಗಿ, ನನಗೆ ಬೆನ್ನು ಮಾಡಿ ನಿಂತುಕೊಂಡು. "ನೀ ಫಿಲಂ ತಗದು ಏನೂ ಹೆಚ್ಚಿಲ್ಲ ಅಂದಾಗೆಲ್ಲ, ನನ್ನ ಟೇಪ್ ಹಿಗ್ಗೈತಿ ಅಂತ ಒಂದೊಂದು ಹೊಸಾದು ತಂದೆ."

ಒಂದು ಟೇಪು ತೆಗೆದುಕೊಂಡು ಎಡ ಕಂಕುಳಿನಿಂದ ಹಿಡಿದೆ. ಐದೂಕಾಲು ಇತ್ತು. ಐದೂಕಾಲು ಎಂದೇ ಬರೆದೆ.